ಹೆರಿಗೆಗೆ ಸರ್ಕಾರ ಕೊಡುವ ರೊಕ್ಕ: ಎಷ್ಟು, ಯಾವಾಗ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ನಮ್ಮ ಕಡೆ ಸೊಸೆ ಬಸುರಿ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಎರಡು ಲೆಕ್ಕ ಶುರುವಾಗುತ್ತವೆ. ಕುಬಸ (ಸೀಮಂತ) ಯಾವ ತಿಂಗಳಲ್ಲಿ ಮಾಡೋದು, ತವರಿಗೆ ಯಾವಾಗ ಕಳಿಸೋದು. ಸರ್ಕಾರದಿಂದ ಬರುವ ಹೆರಿಗೆ ರೊಕ್ಕದ ಲೆಕ್ಕ ಮಾತ್ರ ಯಾರಿಗೂ ನೆನಪಾಗೋದಿಲ್ಲ. ಅದು ನೆನಪಾಗೋದು ಮಗು ಹುಟ್ಟಿ, ಬಾಣಂತನ ಮುಗಿಯುವ ಹೊತ್ತಿಗೆ, ಪಕ್ಕದ ಮನೆಯವರಿಗೆ ಬಂತಂತೆ ಅನ್ನೋ ಸುದ್ದಿ ಕಿವಿಗೆ ಬಿದ್ದಾಗ. ಅಷ್ಟರಲ್ಲಿ ಅರ್ಧ ಬಾಗಿಲು ಮುಚ್ಚಿರುತ್ತವೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಜಿಲ್ಲೆಗಳಲ್ಲಿ ನಾನು ನೋಡಿದ ಮಟ್ಟಿಗೆ, ರೊಕ್ಕ ಸಿಗದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಅರ್ಹರೇ. ಅವರಿಗೆ ತಪ್ಪೋದು ಹೊತ್ತು ಮೀರಿದ್ದರಿಂದ, ಇಲ್ಲಾ ಬ್ಯಾಂಕಿನ ಒಂದು ಸಣ್ಣ ತೊಡಕಿನಿಂದ. ಹಾಗಾಗಿ ಈ ಲೇಖನದಲ್ಲಿ ಯಾವ ಯೋಜನೆ ಎಷ್ಟು ಕೊಡುತ್ತದೆ ಅನ್ನೋದರ ಜೊತೆಗೆ, ಯಾವ ಕೆಲಸ ಯಾವಾಗ ಮಾಡಬೇಕು ಅನ್ನೋದನ್ನೂ ಬಿಡಿಸಿ ಹೇಳುತ್ತೇನೆ. ಒಂದೇ ಮಾತಲ್ಲಿ ಹೇಳಬೇಕಂದರೆ, ಮೊದಲ ಮೂರು ತಿಂಗಳಲ್ಲಿ, ತವರಿಗೆ ಹೋಗುವ ಮುಂಚೆ, ಕಾಗದದ ಕೆಲಸ ಮುಗಿಸಿಬಿಡಿ.

ಮೊದಲು ಒಂದು ಗೊಂದಲ ತಿಳಿಯಾಗಬೇಕು. "ಹೆರಿಗೆ ರೊಕ್ಕ" ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಅದು ಒಂದೇ ಕಡೆಯಿಂದ ಬರೋದಿಲ್ಲ. ಒಂದು ಅಂಗನವಾಡಿ ಮೂಲಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಿಂದ ಬರುತ್ತದೆ. ಇನ್ನೊಂದು ಆಸ್ಪತ್ರೆ ಮೂಲಕ ಆರೋಗ್ಯ ಇಲಾಖೆಯಿಂದ. ಮತ್ತೊಂದು, ಕಟ್ಟಡ ಕೆಲಸದವರಿಗೆ ಮಾತ್ರ, ಕಾರ್ಮಿಕ ಇಲಾಖೆಯಿಂದ. ಒಂದಕ್ಕೆ ಅರ್ಜಿ ಹಾಕಿದರೆ ಇನ್ನೊಂದು ತಾನಾಗಿ ಬರೋದಿಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಇಸಿದುಕೊಂಡರು ಅಂದರೆ ಎಲ್ಲ ಮುಗಿಯಿತು ಅಂದುಕೊಳ್ಳುವವರು ಬಹಳ ಜನ. ಅದು ಆಸ್ಪತ್ರೆಯ ರೊಕ್ಕಕ್ಕೆ ಮಾತ್ರ.

ದೊಡ್ಡ ಮೊತ್ತ: ಮಾತೃ ವಂದನಾ

ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಆಗ ಮೊದಲ ಮಗುವಿಗೆ 5,000 ರೂಪಾಯಿಯನ್ನು ಮೂರು ಕಂತಲ್ಲಿ ಕೊಡುತ್ತಿದ್ದರು. 2022ರ ಏಪ್ರಿಲ್‌ನಿಂದ ನಿಯಮ ಬದಲಾಗಿದೆ. ಈಗ ಎರಡೇ ಕಂತು. ಮೊದಲು 3,000, ಆಮೇಲೆ 2,000. ಹಳೆಯ ಲೆಕ್ಕ ಹೇಳುವವರು ಊರಲ್ಲಿ ಈಗಲೂ ಇದ್ದಾರೆ, ಅದನ್ನು ನಂಬಿ ಕೂರಬೇಡಿ.

ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ, ಹೆರಿಗೆ ಆದ ಮೇಲೆ ಒಂದೇ ಸಲಕ್ಕೆ. ಎರಡನೆಯ ಬಸುರಲ್ಲಿ ಅವಳಿ ಹುಟ್ಟಿ ಅದರಲ್ಲಿ ಒಂದು ಹೆಣ್ಣಿದ್ದರೂ ಈ 6,000 ಬರುತ್ತದೆ. ಎರಡನೆಯದು ಗಂಡಾದರೆ ಈ ಯೋಜನೆಯಲ್ಲಿ ಏನೂ ಇಲ್ಲ.

ಇದು ನನಗೆ ಒಪ್ಪಿಗೆಯಾಗದ ವಿಷಯ, ಹೇಳಿಯೇ ಮುಂದೆ ಹೋಗುತ್ತೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿಗೂ, ಹಾಲುಣಿಸುವ ತಾಯಿಗೂ 6,000ಕ್ಕೆ ಕಡಿಮೆ ಇಲ್ಲದಂತೆ ಹೆರಿಗೆ ನೆರವು ಕೊಡಬೇಕು ಅನ್ನುತ್ತದೆ. ಸರ್ಕಾರಿ ನೌಕರರನ್ನು ಮತ್ತು ಬೇರೆ ಕಾನೂನಿನಲ್ಲಿ ಇಂಥದ್ದೇ ಸೌಲಭ್ಯ ಪಡೆಯುವವರನ್ನು ಬಿಟ್ಟರೆ ಅಲ್ಲಿ ಮೊದಲ ಮಗು, ಎರಡನೆಯ ಮಗು ಅನ್ನೋ ಭೇದವಿಲ್ಲ. ಹೆಣ್ಣು ಹುಟ್ಟಿದರೆ ಮುಖ ಸಣ್ಣ ಮಾಡುವ ಮನೆಗಳಿಗೆ ಪ್ರೋತ್ಸಾಹ ಕೊಡಬೇಕು ಅನ್ನೋದು ಒಳ್ಳೆಯದೇ. ಆದರೆ ಗಂಡು ಹೆತ್ತವಳೂ ಅಷ್ಟೇ ರಕ್ತ ಕಳೆದುಕೊಂಡಿರುತ್ತಾಳೆ, ಅವಳಿಗೂ ಕೂಲಿ ತಪ್ಪಿರುತ್ತದೆ, ಅಲ್ವಾ? ಪಕ್ಕದ ತಮಿಳುನಾಡಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿನ ಯೋಜನೆಯಲ್ಲಿ ಮೊದಲ ಎರಡು ಹೆರಿಗೆಗೆ, ಮಗು ಯಾವುದೇ ಆಗಲಿ, ಪೌಷ್ಟಿಕ ಆಹಾರದ ಕಿಟ್ ಸೇರಿಸಿ 18,000 ರೂಪಾಯಿಯ ನೆರವು ಇದೆ. ನಮ್ಮಲ್ಲೂ ಆಗಬಾರದು ಅಂತೇನಿಲ್ಲ.

ಇರಲಿ, ಈಗ ಯಾರಿಗೆ ಸಿಗುತ್ತದೆ ನೋಡೋಣ. ಇಲ್ಲೊಂದು ಒಳ್ಳೆಯ ಸಂಗತಿ ಇದೆ, ಇದನ್ನು ಜಾಸ್ತಿ ಜನ ತಿಳಿದಿಲ್ಲ. ಬಿಪಿಎಲ್ ಕಾರ್ಡ್ ಇಲ್ಲದಿದ್ದರೆ ಕಥೆ ಮುಗಿಯಿತು ಅಂತ ವಾಪಸ್ ಹೋಗಿಬಿಡುತ್ತಾರೆ. ಹಾಗಿಲ್ಲ. ಹಲವು ದಾಖಲೆಗಳಲ್ಲಿ ಯಾವುದಾದರೂ ಒಂದು ಇದ್ದರೆ ಸಾಕು. ಬಿಪಿಎಲ್ ರೇಷನ್ ಕಾರ್ಡ್ ಆಗಬಹುದು, ಪರಿಶಿಷ್ಟ ಜಾತಿ ಅಥವಾ ಪಂಗಡದ ಪ್ರಮಾಣಪತ್ರ ಆಗಬಹುದು, ಉದ್ಯೋಗ ಖಾತ್ರಿ ಜಾಬ್ ಕಾರ್ಡ್ ಆಗಬಹುದು. ಅಸಂಘಟಿತ ಕಾರ್ಮಿಕರ ಇ-ಶ್ರಮ ಕಾರ್ಡ್, ಆಯುಷ್ಮಾನ್ ಕಾರ್ಡ್, ಅವಳ ಹೆಸರಲ್ಲೇ ಕಿಸಾನ್ ಸಮ್ಮಾನ್ ಬರುತ್ತಿದ್ದರೆ ಅದು, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆಯ ಪ್ರಮಾಣಪತ್ರ, ಇಲ್ಲವೇ ಕುಟುಂಬದ ವರ್ಷದ ಆದಾಯ 8 ಲಕ್ಷಕ್ಕಿಂತ ಕಡಿಮೆ ಅನ್ನುವ ಆದಾಯ ಪತ್ರ. ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು, ಆಶಾಗಳು ತಾವೇ ಬಸುರಿಯಾದರೆ ಅವರಿಗೂ ಸಿಗುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಹೊಸದಾಗಿ ಮದುವೆಯಾದ ಹುಡುಗಿಯ ಹೆಸರು ಗಂಡನ ಮನೆಯ ರೇಷನ್ ಕಾರ್ಡಿನಲ್ಲಿ ಇರೋದಿಲ್ಲ. ತವರಿನ ಕಾರ್ಡಿನಿಂದ ತೆಗೆಸಿ ಇಲ್ಲಿಗೆ ಸೇರಿಸಬೇಕು, ಆ ಕೆಲಸಕ್ಕೆ ಎಷ್ಟು ಓಡಾಟ ಅಂತ ಮಾಡಿದವರಿಗೇ ಗೊತ್ತು. ಅದು ಆಗುವವರೆಗೆ ಕಾಯುತ್ತಾ ಕೂತರೆ ಮಗು ಅಂಬೆಗಾಲಿಡುತ್ತದೆ. ನಿಪ್ಪಾಣಿ ಕಡೆ ಬೀಡಿ ಕಟ್ಟುವವರಾಗಲಿ, ಇಳಕಲ್‌ನಲ್ಲಿ ಮಗ್ಗದ ಕೆಲಸದವರಾಗಲಿ, ಹೊಲದ ಕೂಲಿಗೆ ಹೋಗುವವರಾಗಲಿ, ಇ-ಶ್ರಮ ಕಾರ್ಡ್ ಮಾಡಿಸಿಕೊಂಡರೆ ಅದೇ ದಾಖಲೆ ಆಗುತ್ತದೆ. ಅದನ್ನು ಮಾಡಿಸೋದು ರೇಷನ್ ಕಾರ್ಡಿಗೆ ಹೆಸರು ಸೇರಿಸೋದಕ್ಕಿಂತ ಬಹಳ ಸುಲಭ.

ಯಾರಿಗೆ ಇಲ್ಲ? ಕೇಂದ್ರ, ರಾಜ್ಯ ಸರ್ಕಾರದ ಅಥವಾ ಸರ್ಕಾರಿ ಉದ್ಯಮಗಳ ಕಾಯಂ ನೌಕರಿಯಲ್ಲಿ ಇರುವ ಮಹಿಳೆಗೆ ಇಲ್ಲ. ಬೇರೆ ಕಾನೂನಿನಲ್ಲಿ ಇಂಥದ್ದೇ ಹೆರಿಗೆ ಸೌಲಭ್ಯ ಪಡೆಯುತ್ತಿರುವವರಿಗೂ ಇಲ್ಲ. ಉದಾಹರಣೆಗೆ ಫ್ಯಾಕ್ಟರಿಯಲ್ಲಿ ದುಡಿದು ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟುವವರು. ಅವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳವೇ ಸಿಗುವುದರಿಂದ ಅದನ್ನೇ ಕೇಳಬೇಕು, ಅದು ಎಷ್ಟೋ ದೊಡ್ಡದು.

ವಯಸ್ಸಿನ ವಿಷಯ ನಮ್ಮ ಜಿಲ್ಲೆಗಳಲ್ಲಿ ನೇರವಾಗಿ ಹೇಳಲೇಬೇಕು. ತಾಯಿಗೆ ಕನಿಷ್ಠ 18 ವರ್ಷ 7 ತಿಂಗಳು ಆಗಿರಬೇಕು. ಮದುವೆಯ ವಯಸ್ಸು 18 ಇರೋದರಿಂದ ಈ ಲೆಕ್ಕ. ಚಿಕ್ಕ ವಯಸ್ಸಿನಲ್ಲಿ ಮದುವೆ ಮಾಡಿದ ಮನೆಯವರು ಕೇಸು ಬೀಳುತ್ತದೆ ಅಂತ ಹುಡುಗಿಯನ್ನು ಆಸ್ಪತ್ರೆಗೇ ತೋರಿಸದೆ ಮುಚ್ಚಿಡುತ್ತಾರೆ. ಇದು ತುಂಬ ಅಪಾಯ. ಚಿಕ್ಕ ವಯಸ್ಸಿನ ಬಸುರಿಗೆ ರಕ್ತ ಕಡಿಮೆ ಇರುವುದು, ಬಿಪಿ ಏರುವುದು ಜಾಸ್ತಿ, ಅವಳಿಗೇ ಎಲ್ಲರಿಗಿಂತ ಮೊದಲು ಡಾಕ್ಟರ್ ಬೇಕು. ಈ ಯೋಜನೆಯ ರೊಕ್ಕ ಅವಳಿಗೆ ಬರೋದಿಲ್ಲ, ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಹೆರಿಗೆ ಎರಡನ್ನೂ ಯಾರೂ ನಿರಾಕರಿಸುವಂತಿಲ್ಲ.

ತಾಯಿ ಕಾರ್ಡ್, ಮತ್ತು ಆರು ತಿಂಗಳ ಗಡುವು

ಎಲ್ಲದಕ್ಕೂ ಬುಡ ತಾಯಿ ಕಾರ್ಡ್, ಅಂದರೆ ಬಸುರಿನ ತಪಾಸಣೆ, ಮಗುವಿನ ಲಸಿಕೆ ಬರೆದಿಡುವ ಸರ್ಕಾರಿ ಕಾರ್ಡ್. ಮುಟ್ಟು ನಿಂತು ಎರಡು ತಿಂಗಳಾಗುವ ಹೊತ್ತಿಗೆ ಆಶಾ ಅಥವಾ ಉಪಕೇಂದ್ರದ ಸಿಸ್ಟರ್ ಹತ್ತಿರ ಹೋಗಿ ಹೆಸರು ಬರೆಸಬೇಕು. ಮೂರು ತಿಂಗಳೊಳಗೆ ಆದರೆ ಬಹಳ ಒಳ್ಳೆಯದು. ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕ ಅಂತ ಒಂದು ಜಾಗ ಇರುತ್ತದೆ. ಅದನ್ನು ಅಂದಾಜಿಗೆ ಬರೆಸಬೇಡಿ. ಹೆರಿಗೆ ದಿನ, ಕಂತಿನ ಗಡುವು, ಎಲ್ಲವನ್ನೂ ಕಂಪ್ಯೂಟರ್ ಆ ಒಂದು ದಿನಾಂಕದ ಮೇಲೆ ಲೆಕ್ಕ ಹಾಕುತ್ತದೆ. ಒಂದು ಕಡೆ ಒಂದು ದಿನಾಂಕ, ಇನ್ನೊಂದು ಕಡೆ ಬೇರೆ ದಿನಾಂಕ ಇದ್ದರೆ ಅರ್ಜಿ ಅಲ್ಲೇ ತೊಡಕಿಗೆ ಬೀಳುತ್ತದೆ.

ಮೊದಲ ಕಂತಿಗೆ ಎರಡೇ ಶರತ್ತು. ಬಸುರು ನೋಂದಣಿ ಆಗಿರಬೇಕು, ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಕನಿಷ್ಠ ಒಂದು ತಪಾಸಣೆ ಆಗಿ ಅದು ಕಾರ್ಡಿನಲ್ಲಿ ಬರೆದಿರಬೇಕು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ, ಅವತ್ತು ಹೋದರೆ ಡಾಕ್ಟರ್ ನೋಡುತ್ತಾರೆ. ಖಾಸಗಿ ಡಾಕ್ಟರ್ ಹತ್ತಿರ ತೋರಿಸುವವರು ಇಲ್ಲೇ ಎಡವುತ್ತಾರೆ. ತಿಂಗಳು ತಿಂಗಳು ಸ್ಕ್ಯಾನಿಂಗ್ ಮಾಡಿಸಿರುತ್ತಾರೆ, ಫೈಲು ದಪ್ಪಗಿರುತ್ತದೆ, ಆದರೆ ತಾಯಿ ಕಾರ್ಡೇ ಇರೋದಿಲ್ಲ. ಖಾಸಗಿಯಲ್ಲಿ ತೋರಿಸಿದರೂ ಪರವಾಗಿಲ್ಲ, ಹೆಸರು ಮಾತ್ರ ಉಪಕೇಂದ್ರದಲ್ಲಿ ಬರೆಸಲೇಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಮುಧೋಳ ತಾಲ್ಲೂಕಿನ ಒಬ್ಬ ಸೊಸೆ, ಮೊದಲ ಬಸುರು, ಕೊನೆಯ ಮುಟ್ಟು ಜೂನ್ 15 ಅಂತ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ತಾಯಿ ಕಾರ್ಡ್ ಮಾಡಿಸಿ ಒಂದು ತಪಾಸಣೆ ಆದರೆ ಆಗಲೇ 3,000ಕ್ಕೆ ಅರ್ಜಿ ಹಾಕಬಹುದು. ತಪಾಸಣೆಗೆ ಗಡುವು ಡಿಸೆಂಬರ್ ಮಧ್ಯದವರೆಗೆ. ಹೆರಿಗೆ ಮಾರ್ಚ್ 22ರ ಸುಮಾರಿಗೆ. ಇನ್ನು 2,000 ಯಾವಾಗ? ಮಗುವಿನ ಜನನ ನೋಂದಣಿ ಆಗಬೇಕು, ಲಸಿಕೆಯ ಮೊದಲ ಸುತ್ತು ಮುಗಿಯಬೇಕು. ಆ ಸುತ್ತು ಅಂದರೆ ಹುಟ್ಟಿದಾಗ ಹಾಕುವುದು, ಆಮೇಲೆ 6 ವಾರ, 10 ವಾರ, 14 ವಾರಕ್ಕೆ ಹಾಕುವುದು. 14 ವಾರ ಅಂದರೆ ಜೂನ್ ಕೊನೆ. ಅಂದರೆ ಎರಡನೆಯ ಕಂತಿನ ಅರ್ಜಿಯೇ ಜುಲೈಗೆ. ಹೆರಿಗೆಯಾದ ತಿಂಗಳಲ್ಲೇ ರೊಕ್ಕ ಬರಲಿಲ್ಲ ಅಂತ ಅಂಗನವಾಡಿ ಟೀಚರ್ ಮೇಲೆ ಸಿಟ್ಟಾಗುವವರು ಈ ಲೆಕ್ಕ ಒಂದು ಸಲ ನೋಡಬೇಕು.

ಮಗು ಹುಟ್ಟಿದ 270 ದಿನದೊಳಗೆ, ಅಂದರೆ ಒಂಬತ್ತು ತಿಂಗಳೊಳಗೆ, ಅರ್ಜಿ ಒಳಗೆ ಹೋಗಿರಬೇಕು ಅಂತ ನೆನಪಿಟ್ಟುಕೊಳ್ಳಿ. ಎರಡನೆಯ ಹೆಣ್ಣುಮಗುವಿನ 6,000ಕ್ಕೂ ಬಸುರಿದ್ದಾಗಲೇ ಹೆಸರು ನೋಂದಣಿ ಆಗಿರಬೇಕು, ಮಗು ಹೆಣ್ಣು ಅಂತ ತಿಳಿದ ಮೇಲೆ ಶುರು ಮಾಡಿದರೆ ಕಷ್ಟ. ಹಾಗಾಗಿ ಎರಡನೆಯ ಬಸುರು ಅಂದ ಕೂಡಲೇ ತಾಯಿ ಕಾರ್ಡ್ ಮಾಡಿಸಿಬಿಡಿ.

ಅರ್ಜಿ ಅಂಗನವಾಡಿಯಲ್ಲಿ ಕೊಡಬಹುದು. ಸ್ವಂತವಾಗಿ ಮೊಬೈಲಲ್ಲಿ ಯೋಜನೆಯ ಪೋರ್ಟಲ್‌ಗೆ ಹೋಗಿಯೂ ಹಾಕಬಹುದು. ಈಗ ನೋಂದಣಿ ಮಾಡುವಾಗ ತಾಯಿಯ ಮುಖವನ್ನು ಮೊಬೈಲಲ್ಲಿ ಹಿಡಿದು ಆಧಾರ್ ಜೊತೆ ಹೊಂದಿಸುತ್ತಾರೆ, ಆದ್ದರಿಂದ ಅತ್ತೆಯೋ ಗಂಡನೋ ಹೋದರೆ ಆಗೋದಿಲ್ಲ, ಅವಳೇ ಹೋಗಬೇಕು. ಗಂಡನ ಆಧಾರ್ ಈಗ ಕಡ್ಡಾಯವಲ್ಲ. ಗಂಡ ಬಿಟ್ಟವರು, ಗಂಡ ತೀರಿಕೊಂಡವರು, ಮದುವೆಯಾಗದೆ ತಾಯಿಯಾದವರು, ಯಾರೂ ಇದೊಂದು ಕಾರಣಕ್ಕೆ ಹಿಂಜರಿಯಬೇಕಿಲ್ಲ. ಗಂಡನ ಆಧಾರ್ ಇಲ್ಲದೆ ಆಗೋದೇ ಇಲ್ಲ ಅಂತ ಯಾರಾದರೂ ಹೇಳಿದರೆ, ನಿಯಮ ಬದಲಾಗಿದೆ ಅಂತ ಮೆತ್ತಗೆ ಆದರೆ ಗಟ್ಟಿಯಾಗಿ ಹೇಳಿ.

ರೊಕ್ಕ ಯಾವ ಖಾತೆಗೆ ಹೋಯಿತು?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನನ್ನ ಪ್ರಕಾರ ಜಾಸ್ತಿ ರೊಕ್ಕ ಕೂತಿರುವುದು ಇಲ್ಲೇ.

ಅಂಗನವಾಡಿಯ ಬಾಗಿಲಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. "ಟೀಚರ್, ನಮ್ಮ ರೊಕ್ಕ ಇನ್ನೂ ಬಂದಿಲ್ರೀ." "ಬಂದೈತಲ್ವಾ ತಂಗಿ, ಇಲ್ಲಿ ನೋಡು, ಜಮಾ ಆಗೇತಿ ಅಂತ ತೋರಸಾಕತ್ತೈತಿ." "ಪಾಸ್‌ಬುಕ್ಕಿನ್ಯಾಗ ಇಲ್ರೀ ಮತ್ತ." ಇಬ್ಬರು ಹೇಳೋದೂ ನಿಜ.

ಯಾಕಂದರೆ ಈ ರೊಕ್ಕ ನೀವು ಕೊಟ್ಟ ಪಾಸ್‌ಬುಕ್ಕಿನ ನಂಬರ್ ನೋಡಿ ಬರೋದಿಲ್ಲ. ನಿಮ್ಮ ಆಧಾರ್ ನಂಬರ್ ಹಿಡಿದು ಬರುತ್ತದೆ. ಒಂದು ಆಧಾರ್‌ಗೆ ಸರ್ಕಾರಿ ರೊಕ್ಕ ಪಡೆಯಲು ಒಂದೇ ಬ್ಯಾಂಕ್ ಜೋಡಣೆಯಾಗಿರುತ್ತದೆ. ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಿಸಿದ್ದೀರೋ ಅಲ್ಲಿಗೇ ರೊಕ್ಕ. ಮದುವೆಗೆ ಮುಂಚೆ ಸ್ಕಾಲರ್‌ಶಿಪ್‌ಗೆ ಅಂತ ತವರಲ್ಲಿ ತೆರೆದ ಖಾತೆ ಇರಬಹುದು. ಹೊಸ ಸಿಮ್ ತಗೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಮೊಬೈಲ್ ಪೇಮೆಂಟ್ ಬ್ಯಾಂಕಿನ ಖಾತೆ ಇರಬಹುದು, ಅದು ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರೋದಿಲ್ಲ.

ಇನ್ನೊಂದು ವಿಷಯ. "ನಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ" ಅಂತ ಎಲ್ಲರೂ ಹೇಳುತ್ತಾರೆ. ಬ್ಯಾಂಕು ಕೆವೈಸಿಗೆ ಅಂತ ಆಧಾರ್ ಜೆರಾಕ್ಸ್ ತಗೊಂಡು ಲಿಂಕ್ ಮಾಡುವುದು ಒಂದು. ಸರ್ಕಾರಿ ರೊಕ್ಕ ಬರಲು ಸೀಡಿಂಗ್ ಮಾಡುವುದು ಬೇರೆ. ಎರಡನೆಯದಕ್ಕೆ ಬ್ಯಾಂಕಿನಲ್ಲಿ ಒಪ್ಪಿಗೆಯ ಫಾರ್ಮ್ ಬೇರೆಯೇ ಕೊಡಬೇಕು. ಮೊದಲನೆಯದು ಆಗಿ ಎರಡನೆಯದು ಆಗದಿದ್ದರೆ ರೊಕ್ಕ ಬರೋದಿಲ್ಲ. ಬ್ಯಾಂಕಿಗೆ ಹೋದಾಗ "ಲಿಂಕ್ ಆಗಿದೆಯಾ" ಅಂತ ಕೇಳಬೇಡಿ, "ಡಿಬಿಟಿಗೆ ಆಧಾರ್ ಸೀಡಿಂಗ್ ಆಗಿದೆಯಾ" ಅಂತ ಕೇಳಿ. ಡಿಬಿಟಿ ಅಂದರೆ ಸರ್ಕಾರಿ ರೊಕ್ಕ ನೇರವಾಗಿ ಖಾತೆಗೆ ಬೀಳುವ ವ್ಯವಸ್ಥೆ.

ನಮ್ಮ ಮನೆಗಳಲ್ಲಿ ಇದು ಸೊಸೆಯಂದಿರಿಗೇ ಯಾಕೆ ಜಾಸ್ತಿ ಆಗುತ್ತದೆ ಗೊತ್ತಾ? ಗೃಹಲಕ್ಷ್ಮಿ ರೊಕ್ಕ ಮನೆಯ ಯಜಮಾನಿಗೆ, ಅಂದರೆ ಹೆಚ್ಚಾಗಿ ಅತ್ತೆಗೆ ಬರುತ್ತದೆ. ಅತ್ತೆಯ ಆಧಾರ್, ಬ್ಯಾಂಕು, ಮೊಬೈಲು, ಎಲ್ಲ ಆವಾಗಲೇ ಸರಿಯಾಗಿವೆ. ಸೊಸೆಯ ಖಾತೆಗೆ ಸರ್ಕಾರದಿಂದ ಒಂದು ರೂಪಾಯಿಯೂ ಬಂದೇ ಇರೋದಿಲ್ಲ. ಹಾಗಾಗಿ ಅವಳ ಖಾತೆ ಸರಿ ಇದೆಯೋ ಇಲ್ಲವೋ ಅನ್ನೋದು ಮೊದಲ ಸಲ ಪರೀಕ್ಷೆಯಾಗೋದೇ ಅವಳು ಬಸುರಿಯಾದಾಗ. ಜನಧನ್ ಖಾತೆ ಎರಡು ವರ್ಷ ವ್ಯವಹಾರ ಇಲ್ಲದೆ ಬಿದ್ದಿದ್ದರೆ ಅದು ಸ್ಥಗಿತವೂ ಆಗಿರುತ್ತದೆ.

ನೋಡಿಕೊಳ್ಳೋದು ಹೇಗೆ? ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರುತ್ತದೆ. ಆಧಾರ್ ನಂಬರ್ ಹಾಕಿದರೆ ಮೊಬೈಲಿಗೆ ಓಟಿಪಿ ಬರುತ್ತದೆ, ಅದನ್ನು ಹಾಕಿದರೆ ಯಾವ ಬ್ಯಾಂಕು ಅಂತ ತೋರಿಸುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಅಪ್ಪನದ್ದೋ ಅಣ್ಣನದ್ದೋ ಆಗಿದ್ದರೆ, ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ತನ್ನ ನಂಬರ್ ಹಾಕಿಸಿಕೊಳ್ಳಬೇಕು. ಸೀಡಿಂಗ್ ಎಲ್ಲೂ ಇಲ್ಲ ಅಂತ ಬಂದರೆ ಸುಮ್ನೆ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಲ್ಲುವುದಕ್ಕಿಂತ ಊರಿನ ಪೋಸ್ಟ್‌ಮ್ಯಾನ್ ಹತ್ತಿರ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಸಿ, ಅದರಲ್ಲೇ ಸೀಡಿಂಗ್ ಮಾಡಿಸಿಕೊಳ್ಳಬಹುದು. ಹೊಟ್ಟೆ ಹೊತ್ತುಕೊಂಡು ಬ್ಯಾಂಕಿಗೆ ತಿರುಗುವುದು ತಪ್ಪುತ್ತದೆ.

ಖಾತೆ ತಾಯಿಯ ಹೆಸರಿನದ್ದೇ ಆಗಬೇಕು. ಗಂಡನದ್ದು, ಅತ್ತೆಯದ್ದು ನಡೆಯೋದಿಲ್ಲ. ಇದು ನನಗೆ ಈ ಯೋಜನೆಯಲ್ಲಿ ತುಂಬ ಹಿಡಿಸಿದ ಸಂಗತಿ. ಆ 3,000 ಅವಳ ಹಾಲಿಗೆ, ಹಣ್ಣಿಗೆ, ತಪಾಸಣೆಗೆ ಹೋಗುವ ಬಸ್ಸಿಗೆ ಅಂತ ಕೊಟ್ಟದ್ದು. ಬೀಜ ಗೊಬ್ಬರಕ್ಕೆ ಅಂತ ಅದನ್ನು ಕೇಳಬೇಡಿ.

ತವರು, ಗಡಿ, ಕಬ್ಬಿನ ಗ್ಯಾಂಗು

ಮೊದಲ ಹೆರಿಗೆ ತವರಲ್ಲಿ. ಏಳರಲ್ಲೋ ಒಂಬತ್ತರಲ್ಲೋ ಕುಬಸ ಮುಗಿಸಿ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಅಂಟಿನ ಉಂಡಿ, ಎಣ್ಣೆ ನೀರು, ಮಗುವಿಗೆ ಮೂರು ತಿಂಗಳೋ ಐದು ತಿಂಗಳೋ ಆಗುವವರೆಗೆ ಬಾಣಂತನ. ಅಂದರೆ ಹೆಸರು ಬರೆಸಿದ ಅಂಗನವಾಡಿ ಒಂದು ಊರಲ್ಲಿ, ಹೆರಿಗೆ ಇನ್ನೊಂದು ಊರಲ್ಲಿ, ಲಸಿಕೆ ಮೂರನೆಯ ಕಡೆ. ಎರಡನೆಯ ಕಂತು ತಪ್ಪುವುದಕ್ಕೆ ಇದೇ ದೊಡ್ಡ ಕಾರಣ.

ಹೋಗುವ ಮುಂಚೆ ಗಂಡನ ಊರಿನ ಅಂಗನವಾಡಿಗೆ ಹೋಗಿ ಮೊದಲ ಕಂತಿನ ಅರ್ಜಿ ಹೋಗಿದೆಯಾ ನೋಡಿಕೊಂಡು, ಅರ್ಜಿ ನಂಬರ್ ಬರೆದುಕೊಳ್ಳಿ. ತಾಯಿ ಕಾರ್ಡನ್ನು ಸೀರೆ ಬ್ಯಾಗಿನಲ್ಲಿ ಮೊದಲು ಇಡಿ. ಅದರ ಎಲ್ಲ ಪುಟಗಳ ಫೋಟೊ ಮೊಬೈಲಲ್ಲಿ ಇರಲಿ. ತವರಿನ ಸಿಸ್ಟರ್ ಲಸಿಕೆ ಹಾಕಿದಾಗ ಅದೇ ಕಾರ್ಡಿನಲ್ಲಿ ತಾರೀಖು ಬರೆಸಿ, ಹೊಸ ಕಾರ್ಡ್ ಮಾಡಿಸಬೇಡಿ. ಎರಡು ಕಾರ್ಡ್ ಆದರೆ ಎರಡು ನಂಬರ್, ಎರಡು ನಂಬರ್ ಆದರೆ ತಕರಾರು.

ಜನನ ಪ್ರಮಾಣಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. 21 ದಿನದೊಳಗೆ ನೋಂದಣಿ ಉಚಿತ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುಂಚೆಯೇ ಕೇಳಿ. ತಾಯಿಯ ಹೆಸರು ಆಧಾರ್‌ನಲ್ಲಿ ಹೇಗಿದೆಯೋ ಅಕ್ಷರ ಅಕ್ಷರ ಹಾಗೇ ಬರೆಸಿ. ಮದುವೆಯಾದ ಮೇಲೆ ಹೆಸರು ಬದಲಿಸುವ ಪದ್ಧತಿ ನಮ್ಮ ಕೆಲವು ಮನೆಗಳಲ್ಲಿ ಇದೆ, ಮನೆಯಲ್ಲಿ ಏನೇ ಕರೆಯಿರಿ, ಕಾಗದದಲ್ಲಿ ಆಧಾರ್ ಹೆಸರೇ ಇರಲಿ.

ಅಥಣಿ, ಚಿಕ್ಕೋಡಿ, ಇಂಡಿ ಕಡೆ ಎಷ್ಟೋ ಸೊಸೆಯಂದಿರ ತವರು ಮಹಾರಾಷ್ಟ್ರ. ಜತ್‌ನಲ್ಲಿ, ಮಿರಜ್‌ನಲ್ಲಿ, ಸೊಲ್ಲಾಪುರದಲ್ಲಿ ಹೆರಿಗೆ. ಮಾತೃ ವಂದನಾ ಕೇಂದ್ರದ ಯೋಜನೆಯಾದ್ದರಿಂದ ರಾಜ್ಯ ದಾಟಿದರೂ ಹಕ್ಕು ಹೋಗೋದಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗುವವರಿಗೂ, ವಿಜಯಪುರದ ತಾಂಡಾಗಳಿಂದ ಗೋವಾ, ಪುಣೆಗೆ ದುಡಿಯಲು ಹೋಗುವವರಿಗೂ ಇದೇ ಮಾತು. ಅಲ್ಲಿನ ಅಂಗನವಾಡಿಯಲ್ಲೂ ಕೇಳಬಹುದು, ಅಲ್ಲಿ ಮಗುವಿಗೆ ಹಾಕಿಸಿದ ಲಸಿಕೆಯೂ ಲೆಕ್ಕಕ್ಕೆ ಬರುತ್ತದೆ, ಬರಹದಲ್ಲಿ ಇರಬೇಕು ಅಷ್ಟೇ.

ಆಸ್ಪತ್ರೆಯ ಕಡೆಯಿಂದ ಏನು?

ಜನನಿ ಸುರಕ್ಷಾ ಯೋಜನೆ 2005ರಿಂದ ಇದೆ. ಕರ್ನಾಟಕದಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದ ತಾಯಂದಿರು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ಹಳ್ಳಿಯವರಿಗೆ 700, ಪಟ್ಟಣದವರಿಗೆ 600 ರೂಪಾಯಿ. ಸಣ್ಣ ಮೊತ್ತ, ಬಹಳ ವರ್ಷದಿಂದ ಏರಿಲ್ಲ, ಏರಿಸಲೇಬೇಕು. ಇದು ಹೆರಿಗೆಯಾದ ಆಸ್ಪತ್ರೆಯಿಂದ ಬರುವುದರಿಂದ ಮಾತೃ ವಂದನಾದ ಜೊತೆಗೇ ಇದೂ ಸಿಗುತ್ತದೆ.

ನಿಜವಾದ ಉಳಿತಾಯ ಇರೋದು 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಆದರೂ ಉಚಿತ. ಔಷಧಿ, ರಕ್ತ ಪರೀಕ್ಷೆ, ರಕ್ತ ಏರಿಸುವುದು, ಊಟ (ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ), ಮನೆಯಿಂದ ಕರೆತರುವುದು, ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದರೆ ಆ ಗಾಡಿ, ವಾಪಸ್ ಮನೆಗೆ ಬಿಡುವುದು, ಎಲ್ಲ ಅದರಲ್ಲಿ ಸೇರಿವೆ. ಬರುವಾಗ 108, ಹೋಗುವಾಗ ನಗು-ಮಗು ಗಾಡಿ. ಇದಕ್ಕೆ ಬಿಪಿಎಲ್ ಬೇಕು ಅಂತಿಲ್ಲ, ಸರ್ಕಾರಿ ಆಸ್ಪತ್ರೆಗೆ ಬಂದ ಎಲ್ಲ ಗರ್ಭಿಣಿಯರಿಗೂ ಇದು ಹಕ್ಕು. ಹುಟ್ಟಿದ ಮಗು ಕಾಯಿಲೆ ಬಿದ್ದರೆ ಒಂದು ವರ್ಷದವರೆಗೆ ಅದಕ್ಕೂ ಚಿಕಿತ್ಸೆ ಉಚಿತ.

ಆದರೂ ವಾರ್ಡಿನಲ್ಲಿ ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಅಂತ ಕೈಚಾಚುವವರು ಇದ್ದಾರೆ, ಎಲ್ಲರಿಗೂ ಗೊತ್ತಿರುವ ಮಾತು. ಹೆತ್ತ ನೋವಿನಲ್ಲಿರುವವಳ ಹತ್ತಿರ ಹೀಗೆ ವಸೂಲಿ ಮಾಡುವುದು ಎಂಥ ಅನ್ಯಾಯ! ಕೊಡಬೇಕಾಗಿಲ್ಲ. ಹೊರಗಿನ ಮೆಡಿಕಲ್‌ಗೆ ಚೀಟಿ ಬರೆದುಕೊಟ್ಟರೆ, ಇದು ಒಳಗೆ ಯಾಕೆ ಇಲ್ಲ ಅಂತ ಕೇಳಿ, ಬಿಲ್ ಇಟ್ಟುಕೊಂಡು ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ ಬರೆದುಕೊಡಿ.

ಇದರ ಜೊತೆ ಊಟ. ಮಾತೃಪೂರ್ಣ ಯೋಜನೆ ಇಡೀ ರಾಜ್ಯಕ್ಕೆ ಬಂದದ್ದು 2017ರ ಅಕ್ಟೋಬರ್ 2ರಂದು, ಆದರೆ ಅದಕ್ಕೂ ಮುಂಚೆ ಪ್ರಯೋಗಕ್ಕೆ ಆರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಜಮಖಂಡಿ ಒಂದು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಅಂತ ತಿಂಗಳಿಗೆ 25 ದಿನದ ಬಿಸಿಯೂಟದ ಲೆಕ್ಕದಲ್ಲಿ ಅದು ಶುರುವಾಯಿತು. ತೋಟದಲ್ಲಿ ಮನೆ ಮಾಡಿಕೊಂಡವರಿಗೆ ಮಧ್ಯಾಹ್ನದ ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು ಬರುವುದು ಆಗದ ಮಾತು. ಕೆಲವು ಮನೆಗಳಲ್ಲಿ ಸೊಸೆ ಹೊರಗೆ ಕೂತು ಊಟ ಮಾಡೋದೇ ಹಿಡಿಸೋದಿಲ್ಲ. ಅತ್ತೆಯಂದಿರಿಗೆ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಎಲ್ಲರ ಊಟ ಆದ ಮೇಲೆ ಉಳಿದದ್ದು ತಿನ್ನುವ ಹುಡುಗಿಗೆ ದಿನಕ್ಕೊಂದು ಮೊಟ್ಟೆ, ಒಂದು ಲೋಟ ಹಾಲು ಅಂಗನವಾಡಿಯಿಂದ ಸಿಗುವುದಿದ್ದರೆ ಅದನ್ನು ತಪ್ಪಿಸಬೇಡಿ.

ಇನ್ನು ಕಟ್ಟಡ ಕಾರ್ಮಿಕರು. ಗಾರೆ ಕೆಲಸ, ಇಟ್ಟಿಗೆ ಹೊರುವುದು, ರಸ್ತೆ ಕೆಲಸ ಮಾಡುವ ಹೆಣ್ಣುಮಗಳು ತಾನೇ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದ್ದರೆ ತಾಯಿ ಲಕ್ಷ್ಮಿ ಬಾಂಡ್ ಅಂತ ಮೊದಲ ಎರಡು ಮಕ್ಕಳಿಗೆ ತಲಾ 50,000 ರೂಪಾಯಿ ಇದೆ. ಓದಿದ್ದು ಸರಿ, ಐವತ್ತು ಸಾವಿರ. ಇಷ್ಟು ದೊಡ್ಡ ಮೊತ್ತ ಇದ್ದರೂ ಸಿಗುವವರು ಕಡಿಮೆ, ಯಾಕಂದರೆ ಕಾರ್ಡ್ ಗಂಡನ ಹೆಸರಿನಲ್ಲಿ ಇರುತ್ತದೆ. ಇಬ್ಬರೂ ಒಂದೇ ಸೈಟಿನಲ್ಲಿ ದುಡಿಯುತ್ತಾರೆ, ಅವನ ಹೆಸರು ಮಾತ್ರ ಬರೆಸುತ್ತಾರೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಯಾರೇ ಆದರೂ ನೋಂದಾಯಿಸಬಹುದು. ಮದುವೆಯಾದ ಕೂಡಲೇ ಅವಳ ಹೆಸರಲ್ಲೂ ಕಾರ್ಡ್ ಮಾಡಿಸಿ, ಹೆರಿಗೆಯಾದ ಆರು ತಿಂಗಳೊಳಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ. ಕೆಲಸವೇ ಮಾಡದೆ ಕಾರ್ಡ್ ಮಾತ್ರ ಮಾಡಿಸುವ ದಂಧೆಗೆ ಕೈ ಹಾಕಬೇಡಿ, ಅದರಿಂದ ನಿಜವಾಗಿ ಬುಟ್ಟಿ ಹೊತ್ತವರಿಗೇ ತೊಂದರೆ.

ಬಸುರು ಇಳಿದು ಹೋದವರು, ಮಗು ಸತ್ತು ಹುಟ್ಟಿದವರು ಈ ವಿಷಯ ಕೇಳಲೂ ಸಂಕೋಚಪಡುತ್ತಾರೆ. ಅವರಿಗೆ ಮುಂದಿನ ಬಸುರಲ್ಲಿ ಮಾತೃ ವಂದನಾ ಹೊಸದಾಗಿಯೇ ಸಿಗುತ್ತದೆ. ಒಂದು ಸಲ ಹೆಸರು ಬರೆಸಿಯಾಗಿದೆ, ಇನ್ನು ಬರೋದಿಲ್ಲ ಅಂದುಕೊಳ್ಳಬೇಕಾಗಿಲ್ಲ.

ರೊಕ್ಕ ಬರದಿದ್ದರೆ ಮೊದಲು ಸೀಡಿಂಗ್ ನೋಡಿ. ಅದು ಸರಿ ಇದ್ದರೆ ಅಂಗನವಾಡಿ ಟೀಚರ್ ಹತ್ತಿರ ಅರ್ಜಿ ಯಾವ ಹಂತದಲ್ಲಿದೆ ಕೇಳಿ. ಅವರು ಅರ್ಜಿ ಹಾಕುತ್ತಾರೆ, ಮೇಲ್ವಿಚಾರಕಿ ಪರಿಶೀಲಿಸುತ್ತಾರೆ, ಮಂಜೂರಾಗೋದು ಅದಕ್ಕೂ ಮೇಲೆ. ಹಾಗಾಗಿ ಟೀಚರ್ ಕೈಯಲ್ಲಿ ಎಲ್ಲವೂ ಇಲ್ಲ, ಅವರ ಜೊತೆ ಜಗಳ ತೆಗೆದು ಪ್ರಯೋಜನವೂ ಇಲ್ಲ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ, ಬಾಯಿಮಾತಲ್ಲಿ ಕೇಳದೆ ಒಂದು ಹಾಳೆಯಲ್ಲಿ ಹೆಸರು, ಅರ್ಜಿ ನಂಬರ್, ಅರ್ಜಿ ಹಾಕಿದ ತಾರೀಖು ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಕೇಂದ್ರದ ಸಹಾಯವಾಣಿಯೂ ಇದೆ, ನಂಬರನ್ನು ಯೋಜನೆಯ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಅರ್ಜಿಗೆ ಎಲ್ಲಿಯೂ ಶುಲ್ಕ ಇಲ್ಲ. "ಅಂಗನವಾಡಿಯಿಂದ ಮಾತಾಡ್ತಿದ್ದೀವಿ, ನಿಮ್ಮ ಹೆರಿಗೆ ರೊಕ್ಕ ಬಂದಿದೆ, ಓಟಿಪಿ ಹೇಳಿ" ಅಂತ ಫೋನ್ ಬಂದರೆ ಕೂಡಲೇ ಇಟ್ಟುಬಿಡಿ, ಯಾವ ಅಂಗನವಾಡಿ ಟೀಚರ್ ಕೂಡ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಓಟಿಪಿ ಕೇಳೋದಿಲ್ಲ.